ಕತ್ತಲೆ ಎಣಿಕೆ

ಈ ಊರಲ್ಲಿ ಮನೆ ಸಿಗುತ್ತದೆ, ಸೈಟು ಸಿಗುತ್ತದೆ,
ದುಡ್ಡು ಕೊಟ್ಟರೆ ಟ್ಯಾಂಕರಿನಲ್ಲಿ ನೀರು ಬರುತ್ತದೆ.
ಕತ್ತಲೆ ಮಾತ್ರ ಬಾಡಿಗೆಗೂ ಇಲ್ಲ.

ಹಾಗಾಗಿ ಕಟ್ಟಿಸಿದೆವು,
ಯಶವಂತಪುರದ ಆಚೆ, ಲ್ಯಾಬಿನ ನೆಲಮಾಳಿಗೆಯಲ್ಲಿ
ಎಂಟಡಿಗೆ ಆರಡಿ.
ಚಿಕ್ಕಪೇಟೆಯಿಂದ ಕಪ್ಪು ಬಟ್ಟೆ, ಮೂವತ್ತು ಮೀಟರು.
ಯಾವ ಪಾರ್ಟಿ ಮೇಡಂ, ಧರಣಿಗಾ?
ಅಂಗಡಿಯವನು ಕತ್ತರಿ ನಿಲ್ಲಿಸಿ ಕೇಳಿದ.

ವೈರಿಂಗ್ ಇನಾಯತ್ ಬಂದ,
ಮೂವತ್ತು ವರ್ಷ ಜನರ ಮನೆಗೆ ಬೆಳಕು ಎಳೆದವನು.
ಬಲ್ಬು ಬೇಡ ಅಂತ ಕರೆದವರು ನೀವೇ ಮೊದಲು ಅಂದ.

ತೂತು ಹುಡುಕಲು ಬಾಗಿಲು ಹಾಕಿ ಕೂತೆವು.
ಐದು ನಿಮಿಷ ಎಲ್ಲ ಕಪ್ಪು.
ಇಪ್ಪತ್ತಾಗುವಷ್ಟರಲ್ಲಿ ಕಣ್ಣು ಬಲಿತು
ಸಂದಿ ಕಂಡಿತು, ಸ್ಕ್ರೂ ಬಿಟ್ಟ ಜಾಗ ಕಂಡಿತು,
ಕಾರಿಡಾರಿನ ರೌಟರಿನ ಹಸಿರು
ಪೈಪಿನ ಪಕ್ಕದಿಂದ ಕಳ್ಳಬೆಕ್ಕಿನ ಹಾಗೆ ಇಣುಕಿತು.
ಒಂದೊಂದಕ್ಕೂ ಟೇಪು ಒತ್ತಿದ,
ಮಗುವಿನ ಬಾಯಿ ಒರೆಸುವಷ್ಟು ಮೆತ್ತಗೆ.

ಮೊದಲು ಇಟ್ಟದ್ದು ಹೆಸರುಕಾಳು,
ಒದ್ದೆ ಬಟ್ಟೆಯಲ್ಲಿ ಮೊಳಕೆ ಒಡೆದದ್ದು.
ಅದಕ್ಕೂ ಬೆಳಕಿದೆ.
ಕಣ್ಣಿಗೆ ಬೇಕಾದುದರ ಸಾವಿರದಲ್ಲೊಂದು ಪಾಲು,
ಜೀವಕೋಶ ಉಸಿರಾಡುತ್ತಾ
ಕೈತಪ್ಪಿ ಚೆಲ್ಲುವ ಚಿಲ್ಲರೆ.
ದೊಡ್ಡಪತ್ರೆ ಎಲೆ ಹರಿದಿಟ್ಟರೆ ಎಣಿಕೆ ಏರುತ್ತದೆ,
ಹರಿದ ಅಂಚಿನಲ್ಲೇ ಜಾಸ್ತಿ.
ನೋವು ಅಂತ ಬರೆಯುವಂತಿಲ್ಲ.
ಆಕ್ಸಿಡೇಷನ್ ಅಂತ ಬರೆದೆ.

ಜಯನಗರದಿಂದ ಒಬ್ಬರು ಬಂದಿದ್ದರು, ರೇಷ್ಮೆ ಜುಬ್ಬಾ.
ನಮ್ಮ ಗುರುಗಳ ಪ್ರಭಾವಳಿ ಅಳೆದು
ಲೆಟರ್‌ಹೆಡ್ಡಿನಲ್ಲಿ ಸರ್ಟಿಫಿಕೇಟು ಕೊಡಿ ಅಂದರು.
ಆಗಲಿ, ಕಾಳಿನ ಕೆಳಗಿನ ಸಾಲು ಖಾಲಿ ಇದೆ ಅಂದೆ.
ಕಾಫಿ ಆರಿಹೋಯಿತು, ಅವರೂ ಹೋದರು.

ನಂದೂ ನೋಡಿ ಅಂದ ಇನಾಯತ್.

ಬಿಸಿಲಲ್ಲಿ ಬಂದ ಕೈ. ಅರ್ಧ ಗಂಟೆ ಕಾಯಬೇಕು,
ಚರ್ಮ ಕುಡಿದ ಬಿಸಿಲನ್ನು
ಒಂದಷ್ಟು ಹೊತ್ತು ವಾಪಸು ಕೊಡುತ್ತಿರುತ್ತದೆ,
ಆ ಸಾಲ ನಮ್ಮ ಲೆಕ್ಕಕ್ಕೆ ಬರುವುದಿಲ್ಲ.
ಕಾಯುತ್ತಾ ಹೇಳಿದ:
ಶಿವಾಜಿನಗರ, ರಂಜಾನಿನ ಹಿಂದಿನ ದಿನ,
ಕಂಬದ ಮೇಲೆ ಎಡಗೈ ಹೆಬ್ಬೆರಳಿಗೆ ಹೊಡೆದದ್ದು.
ಅಂದಿನಿಂದ ಆ ಬೆರಳಿಗೆ ಬಿಸಿ ತಣ್ಣಗೆ ಒಂದೇ.
ಹಾಲು ಆರಿದೆಯಾ ಅಂತ ನೋಡಲು
ಬಲಗೈ ಹಾಕು ಅಂತ ಸಾಬಿರಾ ಈಗಲೂ ಗದರುತ್ತಾಳೆ.
ಮುಖ ಕಾಣದಾಗ ದನಿಗೆ ವಯಸ್ಸಿರುವುದಿಲ್ಲ.
ಹುಡುಗನೊಬ್ಬ ಮಾತಾಡಿದ ಹಾಗಿತ್ತು.

ಖಾಲಿ ಪೆಟ್ಟಿಗೆ: ಸೆಕೆಂಡಿಗೆ ಹದಿನೇಳು.
ಏನೂ ಇಲ್ಲದಾಗಲೂ ಯಂತ್ರಕ್ಕೆ ಕಾಣುವ ಹದಿನೇಳು,
ಅದರದ್ದೇ ಮೈಬಿಸಿ. ಕತ್ತಲೆ ಎಣಿಕೆ ಅನ್ನುತ್ತೇವೆ,
ಎಲ್ಲರ ಲೆಕ್ಕದಿಂದಲೂ ಕಳೆಯುತ್ತೇವೆ.
ಅವನ ಎಡಗೈ: ಇಪ್ಪತ್ತನಾಲ್ಕು.

ಏಳೇನಾ? ಅಂದ.
ಏಳು.
ಹೆಬ್ಬೆರಳದ್ದೂ ಸೇರಿ?

ಕಿಟಕಿ ಅಂಗೈಯಷ್ಟು ದೊಡ್ಡದು.
ಯಾವ ಬೆರಳಿಂದ ಯಾವುದು ಬಂತೋ ಪೆಟ್ಟಿಗೆಗೆ ಗೊತ್ತಿಲ್ಲ.
ನನಗೂ ಗೊತ್ತಿಲ್ಲ.
ಸೇರಿ ಅಂದೆ.
ಪುಸ್ತಕದಲ್ಲಿ ಮಾತ್ರ ಹೆಬ್ಬೆರಳ ಹೆಸರೆತ್ತಲಿಲ್ಲ.

ಹೊರಗೆ ಬಂದರೆ ತುಮಕೂರು ರಸ್ತೆಯ ದೀಪಗಳು
ಮುಖಕ್ಕೆ ರಾಚಿದವು, ಇಬ್ಬರೂ ಕೈ ಅಡ್ಡ ಹಿಡಿದೆವು.
ಗಾಡಿಯ ಹತ್ತಿರ ಟೀ.
ಲೋಟವನ್ನು ಎಡಗೈಯಲ್ಲಿ ತಗೊಂಡ,
ಸ್ವಲ್ಪ ಹೊತ್ತು ಹಿಡಿದೇ ಇದ್ದ,
ಆಮೇಲೆ ಬಲಗೈಗೆ ದಾಟಿಸಿ ಊದಿದ.

ನಾಳೆ ರೌಟರಿನ ಕಡೆ ಇನ್ನೊಂದು ಪದರ ಹಾಕ್ತೀನಿ ಮೇಡಂ,
ಅಲ್ಲಿ ಇನ್ನೂ ಸ್ವಲ್ಪ ಸೋರ್ತಿದೆ ಅನ್ನಿಸುತ್ತೆ.