ಅಂಚಿನ ಅಕ್ಷರ

ಗೋಣಿಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದೆ
ಮೊಬೈಲ್ ಕವರುಗಳ ತೋರಣದ ನಡುವೆ
ನನ್ನದೊಂದು ವಾಚ್ ರಿಪೇರಿ ಮೇಜು.
ಬಲಗಣ್ಣಿಗೆ ಕಪ್ಪು ಕೊಳವೆಯ ಭೂತಗನ್ನಡಿ.
ವಾಚುಗಳು ಈಗ ಕಡಿಮೆ,
ಪದಕದ ಬಿಲ್ಲೆಗಳು ಬರುತ್ತವೆ.

ಯಾವುದೋ ಅಜ್ಜನ ಬಸ್ರಾ, ಯಾರದೋ ಬರ್ಮಾ,
ಕರ್ಚೀಫಿನಲ್ಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ,
ಒಮ್ಮೆ ಹಳೆ ಕುಪ್ಯದ ಗುಂಡಿಗಳ ಜೊತೆ.
ರಾಜನ ಮುಖ ನಾನು ನೋಡುವುದಿಲ್ಲ,
ಎಲ್ಲದರಲ್ಲೂ ಅದೇ ಮೂಗು.
ಬಿಲ್ಲೆಯನ್ನು ನಿಲ್ಲಿಸಿ ಅಂಚು ತಿರುಗಿಸುತ್ತೇನೆ
ಕೀಲಿ ಕೊಟ್ಟ ಹಾಗೆ, ಒಂದೊಂದೇ ಹಲ್ಲು.
ನಂಬರು, ದರ್ಜೆ, ಹೆಸರು, ಪಲ್ಟನ್ನು.
ಉದ್ದ ನೋಟ್‌ಬುಕ್ಕಿಗೆ ಇಳಿಸಿಕೊಂಡು ವಾಪಸು ಕೊಡುತ್ತೇನೆ.
ಈವರೆಗೆ ಇನ್ನೂರ ಹನ್ನೆರಡು.
ಬಿಲ್ಲೆ ಅವರದು. ಅಂಚು ನನ್ನದು.

ಮೈಸೂರಿನಿಂದ ಒಬ್ಬರು ಬರುತ್ತಾರೆ ಕೊಳ್ಳಲು.
ತೂಗಿ ನೋಡುವುದಿಲ್ಲ, ಸಭ್ಯರು.
"ಮರಳಿ ಬಂದವನದೋ, ಬಾರದವನದೋ?" ಕೇಳುತ್ತಾರೆ.
ಬಾರದವನದಕ್ಕೆ ಒಂದೂವರೆ ಪಟ್ಟು.

ಎರಡು ವರ್ಷದ ಹಿಂದೆ, ಕೈಲ್ ಮುಹೂರ್ತ ಕಳೆದ ವಾರ,
ಪೊರೆಯಂಡ ಸೀತವ್ವ ಬಂದರು, ಹೈಸ್ಕೂಲಿನ ಗಣಿತ ಟೀಚರು.
"ನಮ್ಮ ಜಮೇದಾರ್ ಮುತ್ತಜ್ಜನದು, ಹಂಝ.
ಪ್ರತಿ ವರ್ಷ ಕೋವಿಯ ಪಕ್ಕ ಇಟ್ಟು
ತೋಕ್‌ಪೂ ಏರಿಸುತ್ತೇವೆ. ಕಪ್ಪಾಗಿದೆ, ಸ್ವಲ್ಪ ಬೆಳಗಿಕೊಡು."

ಬೆಳಗಿದರೆ ಹೆಸರು ಸವೆಯುತ್ತದೆ ಅಕ್ಕ,
ಅನ್ನುತ್ತಲೇ ಕಣ್ಣಿಗೇರಿಸಿದೆ.
ಬೆಳ್ಳಿಯಲ್ಲ. ಕಂಚು.
ಜಮೇದಾರರಿಗೆ ಕಂಚು ಕೊಡುತ್ತಿರಲಿಲ್ಲ.
ಹೊತ್ತವರಿಗೆ, ಅಗೆದವರಿಗೆ ಕಂಚು.
ತಿರುಗಿಸಿದೆ. ಎರಡು ಮೂರು ಒಂದು ಆರು.
ಲೇಬರ್ ಕೋರ್.
ಚಾತ.
ಆಮೇಲೆ ಒಂಟಿ ಇಂಗ್ಲಿಷ್ ಅಕ್ಷರ, ವೈ.

"ವೈ ಬೆಲೆ ಏನು?" ನಗುತ್ತಾ ಕೇಳಿದರು,
ಬೋರ್ಡಿನ ಮುಂದೆ ನಿಂತ ಹಾಗೆ.
ನಾನು ಹೇಳಬೇಕಾಗಲಿಲ್ಲ.
ಬಸ್ಸಿನ ಹಾರ್ನು ಮುಗಿಯುವ ತನಕ ಸುಮ್ಮನಿದ್ದು
"ಎರವ," ಅಂದರು ತಾವೇ.

ದಿಲ್ಲಿಗೆ ಬರೆದೆ. ಹದಿನಾಲ್ಕು ತಿಂಗಳಿಗೆ ಉತ್ತರ ಬಂತು:
ಇಂಥ ವ್ಯಕ್ತಿಯ ದಾಖಲೆ ಇಲ್ಲ, ದಯವಿಟ್ಟು ನಂಬರು ತಿಳಿಸಿ.
ನಂಬರು ತಿಳಿಸಿಯೇ ಬರೆದಿದ್ದೆ.
ಕೊನೆಗೆ ಮಡಿಕೇರಿಯಲ್ಲಿ, ಇಲಿ ತಿಂದ ಖಜಾನೆ ಪುಸ್ತಕದಲ್ಲಿ,
ಅರ್ಧ ಸಾಲು ಸಿಕ್ಕಿತು.
ಮರಳಿದ್ದು: ಹೌದು.
ಬಟವಾಡೆ: ಹದಿನೇಳು ರೂಪಾಯಿ ನಾಲ್ಕಾಣೆ.
ವಿಳಾಸ: ಜಮೇದಾರ್ ಬೆಳ್ಯಪ್ಪನ ಆಳು.
ಸಹಿಯ ಜಾಗದಲ್ಲಿ ಹೆಬ್ಬೆಟ್ಟು.
ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದೆ.
ವಾಚಿನ ಒಳಗಿನ ಕೂದಲೆಳೆ ಸ್ಪ್ರಿಂಗು
ಹೀಗೆಯೇ ಸುತ್ತಿಕೊಂಡಿರುತ್ತದೆ.

ಮುತ್ತಜ್ಜನ ಬೆಳ್ಳಿ ಅತ್ತೆಯ ಮದುವೆಗೆ ಕರಗಿ
ಕಾಲುಂಗುರ ಆಯಿತಂತೆ. ಕಂಚನ್ನು ಅಕ್ಕಸಾಲಿ ಹಿಂದೆ ಕೊಟ್ಟನಂತೆ.
ಎಷ್ಟು ಕೈಲ್ ಮುಹೂರ್ತ, ಎಷ್ಟು ಹೂವು,
ಸೀತವ್ವ ಲೆಕ್ಕ ಹಾಕಿದ್ದು ತುಟಿಯಲ್ಲಿ ಕಂಡಿತು.
ಮೊಳೆ ಹೊಡೆಯಲು ಚಾತನಿಗೆ ಗೋಡೆ ಇರಲಿಲ್ಲ,
ಜೋಪಾನವಾಗಿರಲೆಂದು ಕೊಟ್ಟಿರಬೇಕು.
ಇಲ್ಲವೇ ಕಸಿದಿರಬೇಕು.
ಇಲ್ಲವೇ ಒಂದು ಕುಡ್ತೆ ಕಳ್ಳಿಗೆ.
ಅಂಚಿನಲ್ಲಿ ಅದೆಲ್ಲ ಬರೆಯುವುದಿಲ್ಲ.

ಬಾಳೆಲೆ ಕಡೆಯ ಹಾಡಿಯಿಂದ ಪಾಲಿ ಬಂದಳು,
ಆಶ್ರಮ ಶಾಲೆಯಲ್ಲಿ ಅಡುಗೆಯವಳು.
ಚಾತನ ಮರಿಮಗಳಿರಬಹುದು. ಇರದೆಯೂ ಇರಬಹುದು,
ಅವರ ಹಾಡಿಯಲ್ಲೇ ನಾಲ್ಕು ಮಂದಿ ಚಾತರಿದ್ದರಂತೆ.
ಬಿಲ್ಲೆಯನ್ನು ಅಂಗೈಯಲ್ಲಿಟ್ಟೆ.
ರಾಜನನ್ನು ಅವಳೂ ನೋಡಲಿಲ್ಲ.
"ಹದಿನೇಳು ರೂಪಾಯಿ," ಎಂದಳು, "ಅದು ಪೂರ್ತಿಯೋ?"

ಬಿಲ್ಲೆ ಇನ್ನೂ ನನ್ನ ಡ್ರಾಯರಿನಲ್ಲಿದೆ
ನಿಂತ ಎಚ್ಚೆಂಟಿಗಳ ನಡುವೆ.
ರಸೀದಿಯಲ್ಲಿ ಸೀತವ್ವನ ಹೆಸರಿಗೆ ಗೀಟು ಹಾಕಿ
ಚಾತ ಎಂದು ಬರೆದಿದ್ದೇನೆ.
ಸಾಮಾನು: ಕಂಚು, ಒಂದು.
ಬಾಕಿ ಎಂಬ ಕಾಲಮ್ಮು ಹಾಗೇ ಇದೆ.
ಕೈಲ್ ಮುಹೂರ್ತಕ್ಕೆ ಇನ್ನು ಹನ್ನೊಂದು ದಿನ.
ಇಬ್ಬರೂ ಬರುತ್ತೇವೆ ಅಂದಿದ್ದಾರೆ,
ಒಬ್ಬರಿಗೊಬ್ಬರು ಹೇಳದೆ.