ನಡುವಿನ ಯ

ಏಳನೆಯ ಪಾಠ, ಮೂರನೆಯ ಸಾಲು.
ದ ಬೋಟ್ ಗ್ಲೈಡೆಡ್ ಅಂತ ಓದಿದ್ದೇ ತಡ
ಹಿಂದಿನ ಬೆಂಚಿನಿಂದ ಸಪ್ಪರದ ಮೌನೇಶ:
'ಹಂಗಂದ್ರ ಏನ್ರಿ ಅಕ್ಕೋರ?'

ಜಾರು ಅಂದೆ. ಅಲ್ಲ, ಜಾರಿದ್ದು ಬೀಳಲೇಬೇಕು
ಹಳ್ಳದ ಪಾಚಿಗಲ್ಲಿನ ಮೇಲೆ.
ತೇಲು ಅಂದರೆ ಹೋಗುವುದಿಲ್ಲ, ಇರುತ್ತದೆ ಅಷ್ಟೇ.
ನುಸುಳು ಅನ್ನುವುದರಲ್ಲಿ ಒಂದು ಬೇಲಿ, ಒಂಚೂರು ಕಳ್ಳತನ.
ಹರಿ ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ:
ಇಳಕಲ್ಲಿನ ಮಕ್ಕಳ ಕಿವಿಯಲ್ಲಿ ಹರಿಯುವುದು ನೂಲು,
ಆಮೇಲೆ ಅಪ್ಪನ ಬೈಗುಳ.

ಸ್ಟಾಫ್‌ರೂಮಿನಲ್ಲಿ ರಟ್ಟು ಕಿತ್ತ ನಿಘಂಟು.
ಹಳೆಯ ಇಂಗ್ಲಿಷಿನ ಗ್ಲೀಡನ್,
ಜರ್ಮನರ ಗ್ಲೈಟನ್ ಅದರ ದಾಯಾದಿ,
ಇನ್ನೂ ಹಿಂದೆ ಹೊಳೆ ಎಂಬ ಬೇರು ಇದ್ದೀತು, ಖಾತ್ರಿಯಿಲ್ಲ.
ಗ್ಲ್ಯಾಡ್ ಕೂಡ ಅದೇ ಬೇರಿನದೇನೋ.
ಹೊಳಪು, ನುಣುಪು, ಖುಷಿ:
ಗ್ರಾನೈಟ್ ಪಾಲಿಶ್ ಮಾಡುವ ಹುಸೇನಸಾಬನಿಗೆ
ಇದನ್ನು ಯಾರೂ ಹೇಳಿಲ್ಲ.
ಕೆಂಪು ಕಲ್ಲಿನ ಮೇಲೆ ಅಂಗೈ ಆಡಿಸಿ
ಸುಮ್ಮನೆ ನಗುತ್ತಾನೆ.

ಕೆಳಗೆ ಇರುವೆಯಂಥ ಅಕ್ಷರದಲ್ಲಿ ಇನ್ನೊಂದು ಅರ್ಥ:
ಎರಡು ಸ್ವರಗಳ ನಡುವೆ ಹಾದುಹೋಗುವ ದನಿ.
ಅಯ್ಯ, ಇದು ನಮ್ಮ ಆಗಮಸಂಧಿ!
ಮನೆ. ಅಲ್ಲಿ.
ಬಾಯಿ ತೆರೆದುಕೊಂಡೇ ನಿಂತ ಎರಡು ಸ್ವರ.
ಯಾರೂ ಕರೆಯದೆ ಒಂದು ಯ ಬಂದು ಕೂರುತ್ತದೆ:
ಮನೆಯಲ್ಲಿ.

ಮನೆಯಲ್ಲಿ ಅವ್ವ, ನೀಲಮ್ಮ ಚಿಗವ್ವ.
ಪಡಸಾಲೆ ಪಾಲಾದಾಗ ಎದ್ದ ಗೋಡೆಗಾಗಿ
ಮಾತು ಬಿಟ್ಟು ಎರಡು ವರ್ಷ.
ಆದರೆ ಹೊಸ ಹಾಸು ಹೂಡುವ ದಿನ
ಒಡಲಿನ ಎಳೆ ಇವಳ ಕಡೆ, ಸೆರಗಿನ ಎಳೆ ಅವಳ ಕಡೆ,
ಬೆರಳಿಗೆ ಬೂದಿ ಹಚ್ಚಿಕೊಂಡು
ಕೊಂಡಿಗೆ ಕೊಂಡಿ ಹಾಕುತ್ತ ಕೂರಲೇಬೇಕು.
ಮೂರು ತಾಸು. ರೇಡಿಯೋ ಇಲ್ಲ.
ಕೆಂಪು ರೇಷ್ಮೆ ಆ ಬೆರಳಿಂದ ಈ ಬೆರಳಿಗೆ
ಜಾರದೆ, ಹರಿಯದೆ.
'ಹೂಂ' ಅನ್ನುತ್ತಾಳೆ ಅವ್ವ, ಎಳೆ ಬಂತು ಎಂದು.
ತಡೆದು, ಗೋಡೆ ನೋಡುತ್ತ,
'ಹೂಂ' ಅನ್ನುತ್ತಾಳೆ ಚಿಗವ್ವ.

ಮರುದಿನ ಮೌನೇಶನ ಕಡೆ ತಿರುಗಿದೆ.
'ನಿಮ್ಮಪ್ಪನ ಕುಣಿಮಗ್ಗದಾಗ ಲಾಳಿ ಹೆಂಗ ಹೋಗತೈತಿ?'
ಪೆನ್ಸಿಲ್ ಕಚ್ಚಿ ಯೋಚಿಸಿದ.
'ಲಾಳಿ ಸಪ್ಪಳ ಮಾಡತೈತ್ರಿ ಅಕ್ಕೋರ.
ಬೋಟ್ ಮಾಡತೈತೇನ್ರಿ?'

ಬೋರ್ಡಿನ ಮೇಲೆ ಗ್ಲೈಡ್, ಮುಂದೆ ಎರಡು ಗೀಟು,
ಅದರ ಮುಂದೆ ಇನ್ನೂ ಖಾಲಿ.
ಗಂಟೆ ಹೊಡೆದರೂ ಒರೆಸಲಿಲ್ಲ.