ಮೇಲಿನ ಬಾಣ ತುಸು ಗಿಡ್ಡ

ಹನ್ನೊಂದು ವರ್ಷ ತಪ್ಪು ಬಾಣ ಬರೆದೆ
ಶಿಡ್ಲಘಟ್ಟದ ಕಾಲೇಜಿನ ಕಪ್ಪುಹಲಗೆಯ ಮೇಲೆ.
ಏರುವ ವಿಮಾನ. ಬೆನ್ನಿಂದ ಮೇಲಕ್ಕೊಂದು ಉದ್ದ ಬಾಣ,
ಹೊಟ್ಟೆಯಿಂದ ಕೆಳಕ್ಕೊಂದು ಮೋಟು.
ಏರಬೇಕಾದರೆ ಎತ್ತುವುದು ತೂಕಕ್ಕಿಂತ ಹೆಚ್ಚಿರಬೇಡವೆ?
ಯಾರೂ ಅಲ್ಲ ಅಂದಿರಲಿಲ್ಲ.

ಮೊನ್ನೆ ಮಧ್ಯಾಹ್ನದ ಪೀರಿಯಡ್ಡು.
ಕಿಟಕಿಯಾಚೆ, ದೇವನಹಳ್ಳಿ ಬಿಟ್ಟ ವಿಮಾನವೊಂದು
ನಂದಿ ಬೆಟ್ಟದ ತಲೆ ದಾಟಿ ಏರುತ್ತಿತ್ತು,
ಮೊದಲ ನಿಮಿಷಕ್ಕೆ ಎಷ್ಟೋ ಎರಡನೆಯದಕ್ಕೂ ಅಷ್ಟೇ.
ನೂಲು ಬಿಚ್ಚಾಣಿಕೆಯ ಒಲೆಗಳಿಂದ ಬೆಂದ ಹುಳದ ವಾಸನೆ
ಹಾಜರಿ ಹೇಳದೆ ಬಂದು ಹಿಂದಿನ ಬೆಂಚಲ್ಲಿ ಕೂತಿತ್ತು.

ಮುಬೀನ ಎದ್ದಳು.
‘ಸಾರ್, ನಮ್ಮ ಅಬ್ಬಾ ಗೂಡಿನ ಮಾರ್ಕೆಟ್ಟಲ್ಲಿ ಗಾಡಿ ತಳ್ತಾರೆ.’
ಯಾರೋ ಕಿಸಕ್ಕೆಂದರು. ಅವಳು ನಿಲ್ಲಿಸಲಿಲ್ಲ.
‘ಹರಾಜು ಕಟ್ಟೆಗೆ ಏರು ಐತೆ. ಏರುವಾಗ
ಪೂರಾ ತೂಕ ನೆಲ ಹೊರಲ್ಲ ಸಾರ್.
ಸ್ವಲ್ಪ ಅಬ್ಬಾ ಕೈಗೆ ಬರ್ತದೆ.
ಅಷ್ಟು ಕಮ್ಮಿ ನೆಲಕ್ಕೆ.
ಕೈ ಬಿಟ್ಟರೆ ಗೊತ್ತಾಗ್ತದೆ.’

ಡಸ್ಟರ್ ಹುಡುಕಿದೆ. ಸಿಗಲಿಲ್ಲ, ಅಂಗೈಯಲ್ಲೇ ಒರೆಸಿದೆ.
ವಿಮಾನವನ್ನು ವಾಲಿಸಿದೆ, ಅದರ ಜೊತೆ ಮೂರು ಬಾಣ ವಾಲಿದವು.
ತೂಕ ವಾಲಲಿಲ್ಲ, ಅದು ಯಾರಿಗೂ ವಾಲುವುದಲ್ಲ.
ಥೀಟಾ ಬರೆದೆ. ಕೊಸೈನು ಒಂದಕ್ಕಿಂತ ಕಡಿಮೆ:
ರೆಕ್ಕೆ ಎತ್ತುವ ಬಾಣ ಅಷ್ಟಕ್ಕೆ ಗಿಡ್ಡವಾಯಿತು.
ಮಿಕ್ಕ ತೂಕ ಹಿಂದಕ್ಕೆ ಜಾರಿ
ಗಾಳಿಯ ಎಳೆತದ ಜೊತೆ ಕೈಜೋಡಿಸಿ
ಎಂಜಿನ್ನಿನ ಕೊರಳಿಗೆ ಬಿತ್ತು.
ಕೂಡಿದೆ, ಕಳೆದೆ. ಸೊನ್ನೆ.
ಇನ್ನೊಮ್ಮೆ ಕೂಡಿದೆ.

‘ಸೊನ್ನೆ ಆದರೆ ಏರೋದು ಹೆಂಗೆ ಸಾರ್?’
ಏರುತ್ತಲೇ ಇದೆಯಲ್ಲ, ಅಂದೆ,
ನಿಲ್ಲಿಸುವವರೂ ಇಲ್ಲ, ಅವಸರ ಮಾಡುವವರೂ ಇಲ್ಲ.
ಬೆಲ್ಲು ಹೊಡೆಯಿತು. ಅರ್ಧ ಹುಡುಗರು ನಂಬಲಿಲ್ಲ.

ಮರುದಿನ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದೆ.
ಹಳದಿ ಗೂಡಿನ ಕ್ರೇಟು ಒಂದರ ಮೇಲೊಂದು ಆರು,
ಹಿಂದೆ ಬನಿಯನ್ನಿನ ಮನುಷ್ಯ,
ಎದೆ ಹಿಡಿಕೆಗೆ ತಾಗಿಯೂ ತಾಗದಂತೆ.
ಹೆಜ್ಜೆ. ಹೆಜ್ಜೆ. ಅದೇ ಹೆಜ್ಜೆ.
ಏರಿನ ನಡುವೆ ನಾನೂ ಕೈ ಕೊಡಹೋದೆ.

‘ಬೇಡ ಮೇಷ್ಟ್ರೆ, ಓಟ ಬರ್ತದೆ,
ಗೂಡು ಉರುಳ್ತವೆ,’ ಅಂದರು ಮುಖ ತಿರುಗಿಸದೆ.

ಕೈ ತೆಗೆದೆ.
ಕ್ರೇಟಿನ ಅಂಚಿಗೆ ನಾಲ್ಕು ಬೆರಳಿನ ಸೀಮೆಸುಣ್ಣ.
ಅದೂ ಏರಿತು.